ಸೋಯಾ ಮಾತ್ರೆ ಮತ್ತು ಅಮ್ಮಂದಿರ ಮೂಳೆ: ಎಷ್ಟು ನಂಬಬಹುದು?

ಭಾನುವಾರದ ಬಲಿಪೂಜೆ ಮುಗಿದು ಜನರು ಚರ್ಚಿನ ಅಂಗಳದಲ್ಲಿ ಮಾತನಾಡುತ್ತಾ ನಿಂತಿದ್ದ ಹೊತ್ತು. ಅರುವತ್ತು ದಾಟಿದ ತಾಯಿಯೊಬ್ಬರು ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಕೈಗಿತ್ತರು. "ಫಾದರ್, ಇದರಲ್ಲಿ ಇಂಗ್ಲಿಷಿನಲ್ಲಿ ಏನು ಬರೆದಿದೆ ಸ್ವಲ್ಪ ಓದಿ ಹೇಳಿ. ಮೂಳೆ ಗಟ್ಟಿಯಾಗುತ್ತದೆ ಎಂದು ಕೊಟ್ಟಿದ್ದಾರೆ. ತಿಂಗಳಿಗೆ ಒಂದು ಬಾಟಲಿ ಬೇಕಂತೆ" ಎಂದರು. ಬಾಟಲಿಯ ಮೇಲೆ ಸೋಯಾ ಐಸೊಫ್ಲೇವೋನ್ ಎಂದಿತ್ತು. ವಾರ್ಡಿನ ಇನ್ನೂ ನಾಲ್ಕೈದು ಮನೆಗಳಲ್ಲಿ ಇದೇ ಬಾಟಲಿ ಇದೆ ಎಂದು ಆಮೇಲೆ ತಿಳಿಯಿತು. ಪರಿಚಯದವರೊಬ್ಬರು ಮನೆಮನೆಗೆ ಬಂದು ಮಾರಿದ್ದರು. ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆ ತಾಯಿ ಮಾತು ಮುಂದುವರಿಸಿ, ಡಾಕ್ಟರು ಬರೆದುಕೊಟ್ಟಿದ್ದ ವಾರಕ್ಕೊಮ್ಮೆಯ ಮಾತ್ರೆಯನ್ನು ತಾನು ಬಿಟ್ಟಿರುವುದಾಗಿ ಹೇಳಿದರು. "ಇದು ಗಿಡದ್ದಲ್ಲವಾ ಫಾದರ್, ಸೈಡ್ ಇಫೆಕ್ಟ್ ಇಲ್ಲ" ಎಂಬುದು ಅವರ ಮಾತು.

ಧರ್ಮಗುರು ವೈದ್ಯನಲ್ಲ. ಆದರೆ ನಮ್ಮ ಜನರು ಇಂತಹ ಪ್ರಶ್ನೆಗಳನ್ನು ಮೊದಲು ತರುವುದು ಚರ್ಚಿನ ಅಂಗಳಕ್ಕೇ. ಆದುದರಿಂದ ಈ ವಿಷಯದಲ್ಲಿ ವಿಜ್ಞಾನ ಇಂದು ಏನು ಹೇಳುತ್ತದೆ ಎಂಬುದನ್ನು ಓದಿ, ತಿಳಿದವರಲ್ಲಿ ಕೇಳಿ, ಸಾಧ್ಯವಾದಷ್ಟು ಸರಳವಾಗಿ ಇಲ್ಲಿ ನೀಡಿದ್ದೇನೆ. ಅವಸರದಲ್ಲಿರುವವರಿಗೆ ಉತ್ತರವನ್ನು ಮೊದಲೇ ಹೇಳುತ್ತೇನೆ: ಸೋಯಾ ಒಳ್ಳೆಯ ಆಹಾರ. ಆದರೆ ಸೋಯಾದಿಂದ ತೆಗೆದ ಮಾತ್ರೆ ಮೂಳೆ ಮುರಿಯುವುದನ್ನು ತಡೆಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಿ ಅದನ್ನು ಸೇವಿಸುವುದು ಅಪಾಯ.

ಎರಡು ಬಗೆಯ "ಮೂಳೆ ಸವೆತ"

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ನಮ್ಮಲ್ಲಿ ಮೊಣಕಾಲು ನೋವಿಗೂ "ಮೂಳೆ ಸವೆತ" ಎನ್ನುತ್ತೇವೆ, ಸೊಂಟದ ಮೂಳೆ ಮುರಿದಾಗಲೂ "ಮೂಳೆ ಸವೆದಿತ್ತು" ಎನ್ನುತ್ತೇವೆ. ಇವೆರಡೂ ಬೇರೆ ಬೇರೆ. ಮೊಣಕಾಲಿನ ನೋವು ಬಹುಪಾಲು ಗಂಟಿನ ಒಳಗಿನ ಮೆತ್ತೆಯಂತಹ ಮೃದ್ವಸ್ಥಿ ಸವೆಯುವುದರಿಂದ ಬರುತ್ತದೆ. ಅದು ನೋಯುತ್ತದೆ, ಮೊಣಕಾಲೂರಿ ಪ್ರಾರ್ಥಿಸಲು ಬಿಡುವುದಿಲ್ಲ, ಹಾಗಾಗಿ ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ನಾವು ಹೇಳುತ್ತಿರುವುದು ಆಸ್ಟಿಯೋಪೊರೋಸಿಸ್ ಬಗ್ಗೆ. ಇದರಲ್ಲಿ ಮೂಳೆಯ ಒಳಗಿನ ಹೆಣಿಗೆ ತೆಳುವಾಗಿ ಟೊಳ್ಳಾಗುತ್ತಾ ಹೋಗುತ್ತದೆ. ಇದು ನೋಯುವುದಿಲ್ಲ. ಬಚ್ಚಲಿನಲ್ಲಿ ಜಾರಿದ ದಿನ, ಅಥವಾ ನೀರಿನ ಕೊಡ ಎತ್ತುವಾಗ ಬೆನ್ನಿನಲ್ಲಿ ಚಳಕ್ ಎಂದ ದಿನವೇ ತಿಳಿಯುವುದು. ಕೆಲವರಿಗೆ ಅದೂ ತಿಳಿಯುವುದಿಲ್ಲ. ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಕುಸಿದು, ವರ್ಷದಿಂದ ವರ್ಷಕ್ಕೆ ಎತ್ತರ ಕಡಿಮೆಯಾಗಿ, ಬೆನ್ನು ಬಾಗುತ್ತದೆ.

ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ 18 ವರ್ಷ ಬೆನ್ನು ನೆಟ್ಟಗೆ ಮಾಡಲಾಗದೆ ಬಾಗಿಕೊಂಡೇ ನಡೆದ ಸ್ತ್ರೀ ಒಬ್ಬಳು ಬರುತ್ತಾಳೆ. ಆಕೆಯ ಕಾಯಿಲೆ ಯಾವುದೆಂದು ಇಂದು ಹೇಳಲು ಬರುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಆದರೆ ಆ ಭಾಗವನ್ನು ಓದುವಾಗಲೆಲ್ಲ ನಮ್ಮ ಚರ್ಚಿನ ಮುಂದಿನ ಬೆಂಚುಗಳಲ್ಲಿ ಕುಳಿತುಕೊಳ್ಳುವ ಹಿರಿಯ ತಾಯಂದಿರ ನೆನಪಾಗದೆ ಇರುವುದಿಲ್ಲ.

ಮುಟ್ಟು ನಿಂತ ಮೇಲೆ ಏನಾಗುತ್ತದೆ?

ಮೂಳೆ ಎಂದರೆ ಕಲ್ಲಿನ ಕಂಬವಲ್ಲ. ಅದು ಜೀವಂತ ಅಂಗ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಾ ಇರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಾ ಇರುತ್ತವೆ. ಸುಮಾರು 30ರ ವಯಸ್ಸಿನವರೆಗೆ ಕಟ್ಟುವವರ ಕೈ ಮೇಲಿರುತ್ತದೆ. ಆನಂತರ ಕೆಲಕಾಲ ಸಮಸಮ. ಹೆಂಗಸರ ದೇಹದಲ್ಲಿ ಕರಗಿಸುವ ಕೋಶಗಳಿಗೆ ಲಗಾಮು ಹಾಕಿ ಹಿಡಿದಿರುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಂತಾಗ ಅಂಡಾಶಯಗಳು ಇದನ್ನು ತಯಾರಿಸುವುದನ್ನು ನಿಲ್ಲಿಸುತ್ತವೆ, ಲಗಾಮು ಸಡಿಲವಾಗುತ್ತದೆ. ಮೊದಲ ಐದಾರು ವರ್ಷಗಳಲ್ಲಿ ಮೂಳೆಯ ನಷ್ಟ ಅತ್ಯಂತ ವೇಗವಾಗಿರುತ್ತದೆ. ಅಮೆರಿಕದ ಬೋಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ಈ ನಂಟನ್ನು ಗುರುತಿಸಿದ್ದರು. ಅವರ ಬಳಿ ಬಂದ ಟೊಳ್ಳು ಮೂಳೆಯ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಟ್ಟು ನಿಂತ ಹೆಂಗಸರೇ ಆಗಿದ್ದರು.

ಇಲ್ಲೊಂದು ಮಾತು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47, ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸು. ಅಂದರೆ ನಮ್ಮ ಅಮ್ಮಂದಿರಿಗೆ ಲಗಾಮು ನಾಲ್ಕೈದು ವರ್ಷ ಮೊದಲೇ ಸಡಿಲವಾಗುತ್ತದೆ. ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ಚಿಕ್ಕ ಪ್ರಾಯದಲ್ಲೇ ತೆಗೆಸಿಕೊಂಡವರಿಗೆ ಇದು ಒಂದೇ ದಿನದಲ್ಲಿ ಆಗಿಬಿಡುತ್ತದೆ. ಅಂಥವರು 40-45ರ ವಯಸ್ಸಿಗೇ ವೈದ್ಯರಲ್ಲಿ ಮೂಳೆಯ ಬಗ್ಗೆ ವಿಚಾರಿಸಬೇಕು. ಆಪರೇಶನ್ನಿನ ಚೀಟಿಯಲ್ಲಿ ಏನು ತೆಗೆದಿದ್ದಾರೆಂದು ಬರೆದಿರುತ್ತದೆ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.

ಕುರಿಗಳು ಮೊದಲು ತೋರಿಸಿಕೊಟ್ಟದ್ದು

ಗಿಡದಲ್ಲಿ ಹೆಂಗಸರ ಹಾರ್ಮೋನು ಇರುತ್ತದೆಯೇ ಎಂದು ಹಲವರು ಆಶ್ಚರ್ಯಪಡುತ್ತಾರೆ. ಅದೇ ಹಾರ್ಮೋನು ಅಲ್ಲ, ಅದರ ಆಕಾರವನ್ನು ಹೋಲುವ ಪದಾರ್ಥ. ಇದು ಮೊದಲು ದೊಡ್ಡ ಸುದ್ದಿಯಾದದ್ದು ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳಿಂದ. 1940ರ ದಶಕದಲ್ಲಿ ಅಲ್ಲಿ ಒಂದು ಜಾತಿಯ ಕ್ಲೋವರ್ ಹುಲ್ಲಿನ ಗೋಮಾಳಗಳಲ್ಲಿ ಮೇಯುತ್ತಿದ್ದ ಕುರಿಗಳು ಗಬ್ಬ ನಿಲ್ಲದೆ ಬಂಜೆಯಾಗತೊಡಗಿದವು. 1946ರಲ್ಲಿ ಬೆನೆಟ್ಸ್ ಮತ್ತು ಸಂಗಡಿಗರು ಇದರ ವರದಿ ಪ್ರಕಟಿಸಿದರು. ಆ ಹುಲ್ಲಿನಲ್ಲಿದ್ದ ಐಸೊಫ್ಲೇವೋನ್ ಎಂಬ ಪದಾರ್ಥಗಳು ಕುರಿಯ ದೇಹದಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸುತ್ತಿದ್ದವು ಎಂಬುದು ಕ್ರಮೇಣ ಸ್ಪಷ್ಟವಾಯಿತು. "ಗಿಡದ್ದು, ಆದ್ದರಿಂದ ಏನೂ ಆಗುವುದಿಲ್ಲ" ಎನ್ನುವವರಿಗೆ ಈ ಕುರಿಗಳ ಕತೆಯನ್ನು ಹೇಳಬೇಕು. ಏನೂ ಮಾಡದ ವಸ್ತು ಔಷಧಿಯೂ ಆಗಲಾರದು. ಕೆಲಸ ಮಾಡುವ ವಸ್ತುವಾದರೆ ಬೇಡದ ಕೆಲಸವನ್ನೂ ಮಾಡಬಹುದು.

ಹೀಗೆ ಈಸ್ಟ್ರೋಜನ್ನನ್ನು ಹೋಲುವ ಸಸ್ಯಜನ್ಯ ಪದಾರ್ಥಗಳಲ್ಲಿ ಮುಖ್ಯವಾದವು ಎರಡು ಗುಂಪು. ಸೋಯಾ ಅವರೆಯಲ್ಲಿ ಹೇರಳವಾಗಿರುವ ಐಸೊಫ್ಲೇವೋನ್‌ಗಳು (ಜೆನಿಸ್ಟೀನ್, ಡೈಡ್ಜೀನ್ ಎಂಬವು ಇವುಗಳಲ್ಲಿ ಪ್ರಮುಖ) ಒಂದು. ಅಗಸೆ ಬೀಜ ಮತ್ತು ಎಳ್ಳಿನಲ್ಲಿರುವ ಲಿಗ್ನಾನ್‌ಗಳು ಇನ್ನೊಂದು. ನಮ್ಮ ಕಡಲೆ ಮೊದಲಾದ ಕಾಳುಗಳಲ್ಲೂ ಐಸೊಫ್ಲೇವೋನ್ ಇದೆ, ಆದರೆ ಸೋಯಾಕ್ಕೆ ಹೋಲಿಸಿದರೆ ಅತ್ಯಲ್ಪ. ಸೋಯಾ ಎಣ್ಣೆಯಲ್ಲಿ ಇಲ್ಲವೆಂದೇ ಹೇಳಬೇಕು, ಎಣ್ಣೆ ತೆಗೆಯುವಾಗ ಅದು ಹಿಂಡಿಯಲ್ಲೇ ಉಳಿಯುತ್ತದೆ.

ದೇಹದಲ್ಲಿ ಇವು ಕೆಲಸ ಮಾಡುವ ಬಗೆಯನ್ನು ಬೀಗ ಮತ್ತು ಬೀಗದ ಕೈಯ ಹೋಲಿಕೆಯಿಂದ ತಿಳಿಯಬಹುದು. ಜೀವಕೋಶಗಳಲ್ಲಿ ಈಸ್ಟ್ರೋಜನ್ ಸೇರಿಕೊಳ್ಳುವ ಗ್ರಾಹಕಗಳಿವೆ, ಅವೇ ಬೀಗಗಳು. ಒಂದೇ ಬಗೆಯ ಬೀಗವಿದೆ ಎಂದು ಬಹುಕಾಲ ನಂಬಲಾಗಿತ್ತು. 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಎರಡನೆಯದನ್ನು ಕಂಡುಹಿಡಿದರು. ಅದಕ್ಕೆ ಬೀಟಾ ಎಂದು ಹೆಸರು. ಸೋಯಾದ ಜೆನಿಸ್ಟೀನ್ ಈ ಬೀಟಾ ಬೀಗಕ್ಕೆ ಹೆಚ್ಚು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮೂಳೆಯಲ್ಲೂ ಈ ಬೀಗಗಳಿವೆ. ಹಾಗಾದರೆ ಸ್ತನಕ್ಕೂ ಗರ್ಭಕೋಶಕ್ಕೂ ತೊಂದರೆ ಕೊಡದೆ ಮೂಳೆಯನ್ನು ಮಾತ್ರ ಕಾಪಾಡುವ ಹಾರ್ಮೋನು ಸಿಕ್ಕಿತಲ್ಲ ಎಂಬ ಆಸೆ ಹುಟ್ಟಿತು. ಆ ಆಸೆ ಅಸಂಬದ್ಧವೇನೂ ಆಗಿರಲಿಲ್ಲ.

ಜಪಾನಿನ ಉದಾಹರಣೆ ಮತ್ತು 2002ರ ಭಯ

ಆಸೆಗೆ ಇನ್ನೆರಡು ಕಾರಣಗಳು ಬಲ ಕೊಟ್ಟವು. ಜಪಾನ್ ಮತ್ತು ಚೀನಾದ ಮಹಿಳೆಯರು ದಿನನಿತ್ಯ ಸೋಯಾ ತಿನ್ನುತ್ತಾರೆ, ಅವರಲ್ಲಿ ಸೊಂಟದ ಮೂಳೆ ಮುರಿಯುವುದು ಅಮೆರಿಕದ ಬಿಳಿಯ ಮಹಿಳೆಯರಿಗಿಂತ ಕಡಿಮೆ. ಇದು ಒಂದನೆಯದು. ಎರಡನೆಯದು, 2002ರ ಜುಲೈಯಲ್ಲಿ ಅಮೆರಿಕದ ಒಂದು ಬೃಹತ್ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದ್ದು. 16,608 ಮಹಿಳೆಯರ ಆ ಅಧ್ಯಯನದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ಸೊಂಟದ ಮೂಳೆ ಮುರಿತ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತಗಳು ಹೆಚ್ಚಾಗಿದ್ದವು. ಲಕ್ಷಾಂತರ ಮಹಿಳೆಯರು ಹಾರ್ಮೋನು ಮಾತ್ರೆಯನ್ನು ಕೈಬಿಟ್ಟು "ಪ್ರಕೃತಿದತ್ತ" ಬದಲಿಯನ್ನು ಹುಡುಕಿದರು. ಮಾರುಕಟ್ಟೆ ಸಿದ್ಧವಾಗಿಯೇ ಇತ್ತು.

ಜಪಾನಿನ ಉದಾಹರಣೆ ಕೇಳಲು ಚೆನ್ನಾಗಿದೆ, ಹತ್ತಿರ ಹೋಗಿ ನೋಡಿದರೆ ಅಷ್ಟು ಗಟ್ಟಿಯಾಗಿಲ್ಲ. ಹಿರೋಷಿಮಾದ ಮಹಿಳೆಯರ ಬೆನ್ನೆಲುಬಿನ ಎಕ್ಸ್-ರೇಗಳನ್ನು ಪರಿಶೀಲಿಸಿದಾಗ, ಬೆನ್ನಿನ ಮಣಿ ಕುಸಿತ ಅವರಲ್ಲಿ ಅಮೆರಿಕದ ಬಿಳಿಯರಿಗಿಂತ ಕಡಿಮೆ ಇರಲಿಲ್ಲ. ಸೋಯಾ ಸೊಂಟವನ್ನು ಕಾಪಾಡಿ ಬೆನ್ನನ್ನು ಬಿಟ್ಟುಬಿಡುತ್ತದೆಯೇ? ಜಪಾನೀ ಮಹಿಳೆಯರ ತೊಡೆಮೂಳೆಯ ಕತ್ತು ಗಿಡ್ಡವಾಗಿದ್ದು ಸುಲಭವಾಗಿ ಮುರಿಯುವುದಿಲ್ಲ, ಅವರು ಬೀಳುವುದೂ ಕಡಿಮೆ ಎಂಬ ವಿವರಣೆಗಳು ಇದಕ್ಕಿಂತ ಸಮಂಜಸ. ಹಾಂಗ್‌ಕಾಂಗಿನಲ್ಲಿ 1966ರಿಂದ 1985ರ ನಡುವೆ ಸೊಂಟದ ಮುರಿತ ಸುಮಾರು ಎರಡು ಪಟ್ಟಾಯಿತು. ಅಲ್ಲಿನವರು ಆ ಅವಧಿಯಲ್ಲಿ ಸೋಯಾ ತಿನ್ನುವುದನ್ನು ಬಿಟ್ಟಿರಲಿಲ್ಲ. ಬದಲಾದದ್ದು ಅವರ ನಗರಜೀವನ, ಮೈ ಬಗ್ಗಿಸಿ ಮಾಡುವ ಕೆಲಸ ಕಡಿಮೆಯಾದದ್ದು. ಇನ್ನೊಂದು ಕುತೂಹಲದ ಸಂಗತಿ: ಜಪಾನಿನಲ್ಲಿ ಸೋಯಾವನ್ನು ಹುಳಿ ಬರಿಸಿ ಮಾಡುವ ನಾಟ್ಟೊ ಎಂಬ ಖಾದ್ಯದಲ್ಲಿ ವಿಟಮಿನ್ ಕೆ2 ಬಹಳವಿದೆ. ಮೂಳೆಗೆ ಉಪಕಾರವಾಗಿದ್ದರೆ ಅದು ಐಸೊಫ್ಲೇವೋನ್‌ನಿಂದಲೋ ಈ ವಿಟಮಿನ್‌ನಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ.

ದಾನಿಯೇಲನ ಹತ್ತು ದಿನ

ಹಾಗಾದರೆ ನಿಜ ತಿಳಿಯುವುದು ಹೇಗೆ? ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ ನಿಮಗೆ ನೆನಪಿರಬಹುದು. ಅರಸನ ಭೋಜನ ಬೇಡವೆಂದ ದಾನಿಯೇಲನು ಮೇಲ್ವಿಚಾರಕನಿಗೆ ಒಂದು ಸಲಹೆ ಕೊಡುತ್ತಾನೆ. ಹತ್ತು ದಿನ ನಮಗೆ ಸಸ್ಯಾಹಾರ ಮತ್ತು ನೀರು ಕೊಡಿ, ಆಮೇಲೆ ಅರಸನ ಊಟ ತಿಂದವರ ಮುಖದೊಂದಿಗೆ ನಮ್ಮ ಮುಖವನ್ನು ಹೋಲಿಸಿ ನೋಡಿ ಎಂಬುದು ಆ ಸಲಹೆಯ ತಿರುಳು. ಸೆಮಿನರಿಯಲ್ಲಿ ಇದನ್ನು ನಂಬಿಕೆಯ ದೃಷ್ಟಾಂತವಾಗಿ ಓದಿದ್ದೆವು. ವೈದ್ಯಕೀಯ ಸಂಶೋಧಕರು ಇದನ್ನು ಹೋಲಿಕೆಯ ಪ್ರಯೋಗದ ಹಳೆಯ ಉದಾಹರಣೆಯಾಗಿ ತೋರಿಸುತ್ತಾರೆ. ಒಂದು ಗುಂಪಿಗೆ ಕೊಡಬೇಕು, ಇನ್ನೊಂದಕ್ಕೆ ಕೊಡಬಾರದು, ನಿಗದಿಯಾದ ಕಾಲದ ನಂತರ ಎರಡನ್ನೂ ಅಕ್ಕಪಕ್ಕ ನೋಡಬೇಕು. ಮುಖದ ಕಾಂತಿಗೆ ಹತ್ತು ದಿನ ಸಾಕಾಗಬಹುದು, ಮೂಳೆಗೆ ಸಾಲದು. ಮೂಳೆಯ ಒಂದು ಸುತ್ತಿನ ಕರಗುವಿಕೆ-ಕಟ್ಟುವಿಕೆಗೇ ತಿಂಗಳುಗಳು ಹಿಡಿಯುತ್ತವೆ. ಎರಡು ಮೂರು ವರ್ಷ ಕಾಯದೆ ಏನನ್ನೂ ಹೇಳಲು ಬರುವುದಿಲ್ಲ.

1998ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ 66 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ದಿನಕ್ಕೆ 90 ಮಿಲಿಗ್ರಾಂ ಐಸೊಫ್ಲೇವೋನ್ ಇರುವ ಸೋಯಾ ಪ್ರೋಟೀನ್ ಪಡೆದವರ ಬೆನ್ನೆಲುಬಿನ ಸಾಂದ್ರತೆ ಆರು ತಿಂಗಳಲ್ಲಿ ಸ್ವಲ್ಪ ಹೆಚ್ಚಿತು. ಸೋಯಾ ಮಾತ್ರೆಗಳ ಪರವಾಗಿ ಮಾತನಾಡಿದವರಿಗೆ ಇಂತಹ ಚಿಕ್ಕ, ಅಲ್ಪಾವಧಿಯ ಪ್ರಯೋಗಗಳೇ ಆಧಾರವಾದವು. ದೊಡ್ಡ, ದೀರ್ಘ ಪ್ರಯೋಗಗಳು ಆಮೇಲೆ ಬಂದವು. ಅವುಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು 2011ರಲ್ಲಿ ಪ್ರಕಟವಾದ ಮಯಾಮಿಯ ಅಧ್ಯಯನ. ಮುಟ್ಟು ನಿಂತು ಐದು ವರ್ಷದೊಳಗಿನ 248 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 200 ಮಿಲಿಗ್ರಾಂ ಸೋಯಾ ಐಸೊಫ್ಲೇವೋನ್ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಸತ್ವವಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಎರಡು ವರ್ಷದ ನಂತರ ಅಳೆದು ನೋಡಿದರೆ ಬೆನ್ನೆಲುಬಿನಲ್ಲಾಗಲಿ, ಸೊಂಟದಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಮುಟ್ಟು ನಿಂತಾಗ ಬರುವ ಮೈ ಬಿಸಿಯಾಗುವ ತೊಂದರೆಗೆ ಸೋಯಾ ಒಳ್ಳೆಯದು ಎನ್ನುತ್ತಾರಲ್ಲ, ಈ ಅಧ್ಯಯನದಲ್ಲಿ ಅದು ಸೋಯಾ ತೆಗೆದುಕೊಂಡವರಲ್ಲೇ ಹೆಚ್ಚಾಗಿತ್ತು. 2010ರಲ್ಲಿ ಪ್ರಕಟವಾದ ಅಯೋವಾದ ಮೂರು ವರ್ಷದ ಅಧ್ಯಯನದಲ್ಲೂ ಹೆಚ್ಚಿನ ಪ್ರಮಾಣ ಪಡೆದವರ ತೊಡೆಮೂಳೆಯ ಕತ್ತಿನಲ್ಲಿ ಅತಿ ಚಿಕ್ಕ ಅನುಕೂಲ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಎದುರು ಸಾಕ್ಷ್ಯವನ್ನೂ ಹೇಳಬೇಕು. ಇಟಲಿಯಲ್ಲಿ 389 ಮಹಿಳೆಯರಿಗೆ ಶುದ್ಧ ಜೆನಿಸ್ಟೀನ್ 54 ಮಿಲಿಗ್ರಾಂ ಅಥವಾ ಸತ್ವವಿಲ್ಲದ ಮಾತ್ರೆ ಕೊಟ್ಟು ಎರಡು ವರ್ಷ ನೋಡಿದಾಗ, ಜೆನಿಸ್ಟೀನ್ ಪಡೆದವರ ಮೂಳೆ ಸಾಂದ್ರತೆ ಗಮನಾರ್ಹವಾಗಿ ಹೆಚ್ಚಾಯಿತು (2007). ಎರಡೂ ಗುಂಪಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟಿದ್ದರು. ಹಾಗಾಗಿ ಈ ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವಂತಿಲ್ಲ. ಆದರೆ ಅಲ್ಲಿ ಅಳೆದದ್ದು ಸಾಂದ್ರತೆಯನ್ನು, ಮುರಿತವನ್ನಲ್ಲ. ನಮಗೆ ಬೇಕಾದದ್ದು ಯಂತ್ರದ ಅಂಕಿ ಏರುವುದಲ್ಲ, ಅಮ್ಮ ಬಿದ್ದಾಗ ಮೂಳೆ ಉಳಿಯುವುದು. ಐಸೊಫ್ಲೇವೋನ್ ಮಾದರಿಯಲ್ಲಿ ತಯಾರಿಸಿದ ಇಪ್ರಿಫ್ಲೇವೋನ್ ಎಂಬ ಔಷಧಿಯನ್ನು ಯೂರೋಪಿನಲ್ಲಿ 474 ಮಹಿಳೆಯರ ಮೇಲೆ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಮೂಳೆ ನಷ್ಟ ತಡೆಯಲಿಲ್ಲ, ಬದಲಿಗೆ ಕೆಲವರ ರಕ್ತದಲ್ಲಿ ರೋಗನಿರೋಧಕ ಬಿಳಿ ಕಣಗಳ ಒಂದು ಬಗೆ ಕಡಿಮೆಯಾಯಿತು. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2012ರಲ್ಲಿ ಸೋಯಾ ಐಸೊಫ್ಲೇವೋನ್ ಮೂಳೆ ಸಾಂದ್ರತೆಯನ್ನು ಕಾಪಾಡುತ್ತದೆ ಎಂಬ ಹೇಳಿಕೆಗೆ ಆಧಾರ ಸಾಲದು ಎಂದು ತೀರ್ಮಾನಿಸಿತು.

ಸೋಯಾವನ್ನು ಆಹಾರವಾಗಿ ತಿಂದವರ ಕತೆ ಸ್ವಲ್ಪ ಬೇರೆ. ಶಾಂಘೈಯಲ್ಲಿ ಮುಟ್ಟು ನಿಂತ ಸುಮಾರು 24,000 ಮಹಿಳೆಯರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದಾಗ, ಅತಿ ಹೆಚ್ಚು ಸೋಯಾ ತಿನ್ನುವವರಲ್ಲಿ ಮೂಳೆ ಮುರಿತ ಅತಿ ಕಡಿಮೆ ತಿನ್ನುವವರಿಗಿಂತ ಮೂರನೇ ಒಂದಕ್ಕೂ ಹೆಚ್ಚು ಕಡಿಮೆ ಇತ್ತು (2005). ಇದು ದಾನಿಯೇಲನ ಬಗೆಯ ಪ್ರಯೋಗವಲ್ಲ, ಜನ ತಾವಾಗಿ ತಿಂದದ್ದನ್ನು ಬರೆದುಕೊಂಡದ್ದು. ಆದರೂ ಕಡೆಗಣಿಸುವಂಥದ್ದಲ್ಲ. ಅವರು ಚಿಕ್ಕಂದಿನಿಂದ ತೋಫು, ಸೋಯಾ ಹಾಲು, ಕಾಳಿನ ರೂಪದಲ್ಲಿ ತಿಂದವರು. ಐವತ್ತೈದು ದಾಟಿದ ಮೇಲೆ ಬಾಟಲಿ ತೆರೆದವರಲ್ಲ.

ಎಲ್ಲರ ಹೊಟ್ಟೆ ಒಂದೇ ಅಲ್ಲ

ಒಬ್ಬರಿಗೆ ಗುಣ ಕಂಡದ್ದು ಇನ್ನೊಬ್ಬರಿಗೆ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಒಂದು ಸ್ವಾರಸ್ಯಕರ ಕಾರಣ ಸಿಕ್ಕಿದೆ. ಸೋಯಾದ ಡೈಡ್ಜೀನನ್ನು ಕೆಲವರ ಕರುಳಿನ ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಹೆಚ್ಚು ಪ್ರಬಲ ಪದಾರ್ಥವಾಗಿ ಬದಲಾಯಿಸುತ್ತವೆ. ಇದನ್ನು 1932ರಲ್ಲಿ ಮೊದಲು ಕಂಡದ್ದು ಗಬ್ಬದ ಹೆಣ್ಣುಕುದುರೆಯ ಮೂತ್ರದಲ್ಲಿ. ಪಾಶ್ಚಾತ್ಯರಲ್ಲಿ ನಾಲ್ಕರಲ್ಲಿ ಒಬ್ಬರ ಅಥವಾ ಮೂವರಲ್ಲಿ ಒಬ್ಬರ ಹೊಟ್ಟೆಯಲ್ಲಿ ಮಾತ್ರ ಇದು ತಯಾರಾಗುತ್ತದೆ. ಜಪಾನ್, ಚೀನಾಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ. ಅಂದರೆ ಒಂದೇ ಬಾಟಲಿಯ ಮಾತ್ರೆ ಅಕ್ಕತಂಗಿಯರಿಬ್ಬರಲ್ಲಿ ಎರಡು ರೀತಿ ವರ್ತಿಸಬಹುದು.

ಇನ್ನು ಎಚ್ಚರಿಕೆಯ ಮಾತು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸೋಯಾ ಆ ಮಾತ್ರೆ ದೇಹಕ್ಕೆ ಸೇರುವುದನ್ನು ತಡೆಯಬಹುದು, ಆದುದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಸ್ತನ ಕ್ಯಾನ್ಸರ್ ಆದವರು ಊಟದಲ್ಲಿ ಮಿತವಾಗಿ ಸೋಯಾ ತಿನ್ನುವುದಕ್ಕೆ ಇಂದು ಹೆಚ್ಚಿನ ತಜ್ಞರ ಅಡ್ಡಿಯಿಲ್ಲ, ಆದರೆ ಸಾಂದ್ರ ಮಾತ್ರೆಗಳನ್ನು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ದಿನಕ್ಕೆ 150 ಮಿಲಿಗ್ರಾಂನಂತೆ ಐದು ವರ್ಷ ಮಾತ್ರೆ ಕೊಟ್ಟ ಇಟಲಿಯ ಒಂದು ಪ್ರಯೋಗದಲ್ಲಿ ಕೆಲವು ಮಹಿಳೆಯರ ಗರ್ಭಕೋಶದ ಒಳಪದರ ಅಸಹಜವಾಗಿ ಬೆಳೆದಿತ್ತು. ಸತ್ವವಿಲ್ಲದ ಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಹಾಗಾಗಿರಲಿಲ್ಲ. 2015ರಲ್ಲಿ ಯೂರೋಪಿನ ಪ್ರಾಧಿಕಾರ ಲಭ್ಯ ಮಾಹಿತಿಯನ್ನೆಲ್ಲ ನೋಡಿ ಸಾಮಾನ್ಯ ಪ್ರಮಾಣದಿಂದ ಹಾನಿಯಾಗುತ್ತದೆನ್ನಲು ಆಧಾರವಿಲ್ಲ ಎಂದಿತು. ಗಾಬರಿಯಾಗಬೇಕಿಲ್ಲ. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೆ, ಮಾತ್ರೆ ತಿನ್ನುತ್ತಿರಲಿ ಬಿಡಲಿ, ನಾಚಿಕೆಪಡದೆ ತಕ್ಷಣ ವೈದ್ಯರಿಗೆ ತೋರಿಸಲೇಬೇಕು.

ಆ ಹಣದಿಂದ ಬೇರೇನು ಮಾಡಬಹುದು?

ಬಾಟಲಿಯ ಬೆಲೆ ಕೇಳಿ ನಾನು ಸುಮ್ಮನಾದೆ. ಬೀಡಿ ಕಟ್ಟಿ ಅಥವಾ ಮನೆಕೆಲಸ ಮಾಡಿ ಕೂಡಿಸಿದ ಹಣವದು. ಅದೇ ಹಣಕ್ಕೆ ರಾಗಿ, ಹಾಲು, ಮೀನು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಕರಾವಳಿಯ ಊಟದ ಮುಖ್ಯ ಭಾಗವಾದ ಅನ್ನ, ಗಂಜಿಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300. ಘಟ್ಟದ ಮೇಲಿನವರ ರಾಗಿಯನ್ನು ನಾವು ಮಕ್ಕಳ ಮಣ್ಣಿಗೆ ಮಾತ್ರ ಮೀಸಲಿಟ್ಟಿದ್ದೇವೆ, ಅಜ್ಜಿಯರಿಗೂ ಅದು ಬೇಕು. ಬೂತಾಯಿಯಂತಹ ಸಣ್ಣ ಮೀನುಗಳನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಮೆತ್ತಗಾದ ಮುಳ್ಳಿನೊಂದಿಗೆ ಅಗಿದು ತಿಂದರೆ ಕ್ಯಾಲ್ಸಿಯಂ ಸಿಗುತ್ತದೆ. ಅಂಜಲ್ ತುಂಡಿನಲ್ಲಿ ಆ ಲಾಭವಿಲ್ಲ. ಸೋಯಾ ಚಂಕ್ಸ್ ಪಲ್ಯ ಮಾಡುವ ಮನೆಯವರು ಧಾರಾಳವಾಗಿ ಮಾಡಲಿ, ಅದರಲ್ಲಿ ಒಳ್ಳೆಯ ಪ್ರೋಟೀನಿದೆ. ಮೂಳೆಗೆ ಪ್ರೋಟೀನೂ ಬೇಕು.

ವಿಟಮಿನ್ ಡಿ ಬಿಸಿಲಿನಿಂದ ಬರುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪ. ಕಾನ್ವೆಂಟುಗಳ ಒಳಗೇ ದಿನ ಕಳೆಯುವ, ಮೈತುಂಬ ಉಡುಪು ಧರಿಸುವ ವಯಸ್ಸಾದ ಧರ್ಮಭಗಿನಿಯರ ಬಗ್ಗೆ ಮಠದ ಮುಖ್ಯಸ್ಥೆಯರು ವಿಶೇಷ ಗಮನ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅದೇ ನಾಲ್ಕು ತಿಂಗಳ ಮಳೆ ಅಂಗಳದಲ್ಲಿ ಪಾಚಿ ಬೆಳೆಸುತ್ತದೆ. ಸೊಂಟದ ಮುರಿತ ಬಹುಪಾಲು ಆಗುವುದು ಬಿದ್ದಾಗ. ಬಾವಿಕಟ್ಟೆಯ ಸುತ್ತ, ಬಚ್ಚಲಿನಲ್ಲಿ ಪಾಚಿ ಉಜ್ಜಿ ತೆಗೆಯುವುದು, ಗೋಡೆಗೆ ಹಿಡಿಯಲು ಒಂದು ಕಂಬಿ ಹಾಕಿಸುವುದು, ರಾತ್ರಿ ಸಣ್ಣ ದೀಪವೊಂದನ್ನು ಉರಿಸಿಡುವುದು, ಇವು ಯಾವ ಬಾಟಲಿಗಿಂತಲೂ ಅಗ್ಗ. ನಮ್ಮ ಎಷ್ಟು ಚರ್ಚುಗಳ ಮೆಟ್ಟಿಲಿಗೆ ಹಿಡಿಕೆ ಇದೆ ಎಂದು ಪಾಲನಾ ಸಮಿತಿಯವರು ಒಮ್ಮೆ ಎಣಿಸಲಿ. ಕುಣಿತದ ಗಂಟೆಗೋಪುರಕ್ಕೆ ಹಣ ಸಿಗುತ್ತದೆ, ಹಿಡಿಕೆಗೆ ಸಿಗುವುದಿಲ್ಲ.

ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ಹಲವು ಧರ್ಮಕೇಂದ್ರಗಳಲ್ಲಿ ಆರೋಗ್ಯ ಶಿಬಿರ ನಡೆಯುತ್ತದೆ. ಅಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು "ನಿಮ್ಮ ಮೂಳೆ ವೀಕ್" ಎಂದು ಚೀಟಿ ಕೊಡುವುದುಂಟು. ಅದು ಮೊದಲ ಸೂಚನೆ ಮಾತ್ರ. ನಿರ್ಧಾರವಾಗಬೇಕಾದರೆ ಬೆನ್ನೆಲುಬು ಮತ್ತು ಸೊಂಟದ ಡೆಕ್ಸಾ ಪರೀಕ್ಷೆ ಆಗಬೇಕು. ಚೀಟಿ ಕೊಟ್ಟ ಮೇಜಿನ ಪಕ್ಕದಲ್ಲೇ ಮಾತ್ರೆ ಮಾರುವ ಮೇಜು ಇದ್ದರೆ, ಶಿಬಿರ ಏರ್ಪಡಿಸಿದ ಸ್ತ್ರೀ ಸಂಘಟನೆಯವರು ಅದನ್ನು ವಿನಯದಿಂದ ಎತ್ತಿಸಬೇಕು. ಪರೀಕ್ಷೆಗೆ ಹಣವಿಲ್ಲದವರ ಹೆಸರನ್ನು ಗುರಿಕಾರರು ವಿನ್ಸೆಂಟ್ ದೆ ಪಾವ್ಲ್ ಸಭೆಗೆ ತಿಳಿಸಬಹುದು.

ಈಗ ಆ ತಾಯಿಯ ವಾರಕ್ಕೊಮ್ಮೆಯ ಮಾತ್ರೆಯ ವಿಷಯ. ಅದು ಅಲೆಂಡ್ರೊನೇಟ್. ಆಗಲೇ ಬೆನ್ನಿನ ಮಣಿ ಕುಸಿದಿದ್ದ ಮಹಿಳೆಯರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಸೊಂಟದ ಮುರಿತವನ್ನು ಅರ್ಧಕ್ಕೆ ಇಳಿಸಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಇಲ್ಲವಾದರೆ ಅನ್ನನಾಳ ಉರಿಯುತ್ತದೆ. ಅಂತಹ ಮಾತ್ರೆಯನ್ನು ಯಾಕೆ ಬಿಟ್ಟಿರಿ ಎಂದು ಮತ್ತೊಮ್ಮೆ ಕೇಳಿದಾಗ ನಿಜವಾದ ಕಾರಣ ಹೊರಬಂತು. ಡಾಕ್ಟರು ನೆನಪಿಗೆ ಸುಲಭವಾಗಲೆಂದು ಭಾನುವಾರ ತೆಗೆದುಕೊಳ್ಳಲು ಹೇಳಿದ್ದರು. ಪರಮಪ್ರಸಾದಕ್ಕೆ ಮೊದಲು ಮಾತ್ರೆ ಮತ್ತು ಅಷ್ಟು ನೀರು ಸೇವಿಸಿದರೆ ಉಪವಾಸ ಮುರಿಯುತ್ತದೆಂದು ಅವರು ಎರಡು ತಿಂಗಳು ಹಿಂಜರಿದು, ಆಮೇಲೆ ಪೂರ್ತಿ ನಿಲ್ಲಿಸಿದ್ದರು. ನಮ್ಮನ್ನು ಕೇಳಿರಲಿಲ್ಲ. ನಾವೂ ಪೀಠದಿಂದ ಎಂದೂ ಹೇಳಿರಲಿಲ್ಲ.

ಧರ್ಮಸಭೆಯ ಕಾನೂನಿನ 919ನೇ ವಿಧಿ ಸ್ಪಷ್ಟವಾಗಿದೆ. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸಕ್ಕೆ ನೀರು ಮತ್ತು ಔಷಧಿ ಅಡ್ಡಿಯಲ್ಲ. ವಯೋವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಇದನ್ನು ಹೇಳಿದ ಮೇಲೆ ಅವರು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಮರುವಾರವೇ ಡಾಕ್ಟರನ್ನು ಕಂಡು ಬಂದರು. ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಮಾತ್ರೆ ನುಂಗಿ, ಏಳೂವರೆಯ ಪೂಜೆಗೆ ನಡೆದೇ ಬರುತ್ತಾರೆ.